ಗೋಡೆಯ ಮೇಲೆ ಒಣಹಾಕಿದ ಅಂಗಿ

ಆ ಶನಿವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಅಂಕಿತಾ ಶಾಲೆಯ ಎರಡನೇ ಮಹಡಿಯ ವರಾಂಡದ ಕಂಬಿಗೆ ಒರಗಿ ನಿಂತು, ಎದುರಿನ ಗೋಡೆಯನ್ನೇ ನೋಡುತ್ತಾ, “ಆಂಟಿ, ನಮ್ಮ ಹಗ್ಗ ಜೋತುಬಿದ್ದಿದೆ” ಅಂದಳು.

ಸಮಯ ನೆನಪಿರುವುದಕ್ಕೆ ಕಾರಣವಿದೆ. ಹತ್ತು ಗಂಟೆಗೆ ಚಹಾ ಬರುತ್ತಿತ್ತು. ಅಷ್ಟು ಮಳೆಯಲ್ಲಿ ಚಹಾದವನು ಬರುತ್ತಾನೋ ಇಲ್ಲವೋ ಎಂದು ನಾನು ಆಗಷ್ಟೇ ಗಡಿಯಾರ ನೋಡಿದ್ದೆ. ಅವಳು ಹೇಳಿದ್ದು ನಿಜವಾದ ಹಗ್ಗದ ಮಾತಲ್ಲ. ಬೇಸಿಗೆಯಲ್ಲಿ ಮಕ್ಕಳು ಆ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಬಿಡಿಸಿದ್ದ, ಬಟ್ಟೆ ಒಣಹಾಕುವ ಹಗ್ಗದ ಮಾತು. ಅದರ ಮೇಲೆ ಗಲ್ಲಿಯ ಒಂದೊಂದು ಮನೆಯ ಒಂದೊಂದು ಬಟ್ಟೆ ತೂಗುತ್ತಿತ್ತು.

ಬಟ್ಟೆ ನೆನೆದು ಭಾರವಾಗಿರಬೇಕು ಬಿಡು ಎಂದು ನಾನು ತಮಾಷೆ ಮಾಡಿದೆ. ಯಾವ ಮಾತಿಗೂ ಮೊದಲು ನಕ್ಕು ಆಮೇಲೆ ಉತ್ತರ ಕೊಡುವ ಹುಡುಗಿ ಅವಳು. ಅವತ್ತು ನಗಲಿಲ್ಲ.

ಈಗ ಇದನ್ನು ಬರೆಯಲು ಕುಳಿತದ್ದು ಒಂದು ವಾಸನೆಯಿಂದಾಗಿ. ನಾವು ಈಗಿರುವುದು ಮುಂಬೈಯ ಮಲಾಡಿನಲ್ಲಿ. ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ಬಣ್ಣದ ಕೆಲಸ ನಡೆಯುತ್ತಿದೆ. ಮೊನ್ನೆ ಲಿಫ್ಟಿನಿಂದ ಹೊರಗೆ ಕಾಲಿಟ್ಟಾಗ ಬಣ್ಣಕ್ಕೆ ಮೊದಲು ಗೋಡೆಗೆ ಮೆತ್ತುವ ಹಸಿ ಪುಟ್ಟಿಯ ವಾಸನೆ ಬಂತು. ಸುಣ್ಣದಂಥ, ಮೂಗಿನ ಒಳಗೆ ಹೋಗಿ ಒಣಗುವ ವಾಸನೆ. ಕೈಯಲ್ಲಿದ್ದ ತರಕಾರಿ ಚೀಲವನ್ನು ಅಲ್ಲೇ ಇಟ್ಟು ಗೋಡೆಗೆ ಒರಗಿ ನಿಂತೆ. ಬಣ್ಣದವರು ಮೇಡಂಗೆ ತಲೆ ಸುತ್ತಿತು ಅಂದುಕೊಂಡು ನೀರು ತಂದುಕೊಟ್ಟರು. ತಲೆ ಸುತ್ತಿರಲಿಲ್ಲ. ಆಂಟಾಪ್ ಹಿಲ್ಲಿನ ಆ ಗಲ್ಲಿಯಲ್ಲಿ ನಿಂತಿದ್ದೆ, ಅಷ್ಟೆ.

ಆಗ ನಾವು ಆಂಟಾಪ್ ಹಿಲ್ಲಿನ ಕಾಲೊನಿಯಲ್ಲಿದ್ದೆವು. ನನ್ನ ಗಂಡ ರಘು ಪವಾಯಿಯ ಆಫೀಸಿಗೆ ಹೋಗುತ್ತಿದ್ದ. ನಾನು ಮೈಸೂರಿನಲ್ಲಿ ಬಿಎಸ್ಸಿ ಮುಗಿಸಿ, ಮುಂಬೈಗೆ ಬಂದ ಮೇಲೆ ಒಂದು ಕೆಲಸ ಹಿಡಿದು, ಅದನ್ನು ಬಿಟ್ಟು, ಇನ್ನೊಂದನ್ನು ಹುಡುಕುತ್ತಾ ಮನೆಯಲ್ಲಿದ್ದೆ. ಹತ್ತಿರದಲ್ಲೇ ಕನ್ನಡದವರು ಎಂದೋ ಕಟ್ಟಿದ ಶಾಲೆ. ಈಗ ಇಂಗ್ಲಿಷ್ ಮಾಧ್ಯಮ, ಕನ್ನಡ ಒಂದು ವಿಷಯ ಮಾತ್ರ. ಮಕ್ಕಳು ತರಗತಿಯಲ್ಲಿ ಇಂಗ್ಲಿಷು, ಮೆಟ್ಟಿಲ ಮೇಲೆ ಹಿಂದಿ, ಟೀಚರ್ ಬೈದರೆ ಮಾತ್ರ ಕನ್ನಡ. ಅಲ್ಲಿಯ ಡ್ರಾಯಿಂಗ್ ಟೀಚರ್ ವಾರಿಜಾ, ಉಡುಪಿ ಕಡೆಯವರು. ಗಂಡ ಮಾಟುಂಗಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬೇಕಾದರೆ ಇಬ್ಬರು ದೊಡ್ಡವರಿರಬೇಕು ಎಂದು ಶಾಲೆಯ ನಿಯಮ. ಕಾಲೊನಿಯ ಮೆಟ್ಟಿಲಲ್ಲಿ ಸಿಕ್ಕಿದ ನನ್ನನ್ನು ಅವರು ಹಿಡಿದುಬಿಟ್ಟರು. “ನಿಮಗೆ ಚಿತ್ರ ಬರೀಲಿಕ್ಕೆ ಬರಬೇಕು ಅಂತಿಲ್ಲ, ಮಾರಾಯ್ತಿ. ಲೆಕ್ಕ ತಪ್ಪದೆ ತಲೆ ಎಣಿಸಿದ್ರೆ ಸಾಕು.”

ಶಾಲೆಯ ಹಿಂದೆ ಒಂದು ಸಾಲು ತಗಡಿನ ಮನೆಗಳು. ಅವುಗಳ ಬಾಗಿಲಿಗೆ ಎದುರಾಗಿ, ಇಬ್ಬರು ಪಕ್ಕಪಕ್ಕ ನಡೆದರೆ ಭುಜ ತಾಗುವಂಥ ಗಲ್ಲಿಯ ಆಚೆ, ಗುಡ್ಡ ಜಾರದಂತೆ ಕಟ್ಟಿದ ಎತ್ತರದ ತಡೆಗೋಡೆ. ಗೋಡೆಯ ಮೇಲೆ ಗುಡ್ಡ, ಗುಡ್ಡದ ಮೇಲೆ ಮತ್ತೆ ಮನೆಗಳು. ಪರೀಕ್ಷೆ ಮುಗಿದ ಮೇಲೆ ಎಂಟನೆಯ ತರಗತಿಯ ಮಕ್ಕಳ ಕೈಯಲ್ಲಿ ಆ ಗೋಡೆಗೆ ಚಿತ್ರ ಬರೆಸಬೇಕೆಂದು ವಾರಿಜಾ ಟೀಚರಿಗೆ ಆಸೆ. ಶಾಲೆಯ ಟ್ರಸ್ಟಿನ ಕಾರ್ಯದರ್ಶಿಗಳಿಗೂ ಇಷ್ಟವಾಯಿತು. ದೇಶದ ಮಹನೀಯರನ್ನು ಬರೆಸಿ, ಕೆಳಗೆ ಶಾಲೆಯ ಹೆಸರು ದೊಡ್ಡದಾಗಿ ಹಾಕಿಸಿ ಅಂದರು. ಟೀಚರ್ ಹೂಂ ಅಂದು ಬಂದು ಬೇರೆಯದೇ ಶುರುಮಾಡಿದರು.

ಅವರಿಗೆ ಅವರದೇ ಕೆಲವು ಕಟ್ಟಲೆಗಳಿದ್ದವು. ಯಾರ ಬಾಗಿಲ ಎದುರಿಗೆ ಬರೆಯುತ್ತೀರೋ ಅವರ ಮನೆಯೊಳಗೆ ಮೊದಲು ಹೋಗಿ ಕೂರಬೇಕು. ಅವರಿಗೆ ಬೇಕಾದ ಒಂದು ಬಟ್ಟೆಯನ್ನು ಕೇಳಿ ತರಬೇಕು. ಅದನ್ನು ಬರೆದು ಮುಗಿದ ಮೇಲೆ ಒಗೆದು, ಇಸ್ತ್ರಿ ಮಾಡಿ, ಬರೆದವರೇ ವಾಪಸು ಕೊಡಬೇಕು. ಎಲ್ಲಕ್ಕಿಂತ ವಿಚಿತ್ರವಾದದ್ದು ಹೆಸರಿನದು. ಚಿತ್ರ ಮುಗಿದ ದಿನ ಯಾರೂ ಹೆಸರು ಬರೆಯುವಂತಿಲ್ಲ. ಒಂದು ಮಳೆಗಾಲ ಕಳೆಯಬೇಕು. ಅಲ್ಲಿಯವರೆಗೆ ದಿನಕ್ಕೊಮ್ಮೆ ಚಿತ್ರವನ್ನು ನೋಡಬೇಕು, ಬಣ್ಣ ಎದ್ದರೆ ಹಚ್ಚಬೇಕು, ಯಾರಾದರೂ ಪಾನ್ ಉಗುಳಿದರೆ ತೊಳೆಯಬೇಕು. ಮಳೆ ಮುಗಿದ ಮೇಲೂ ಚಿತ್ರ ಇದ್ದರೆ ಮೂಲೆಯಲ್ಲಿ ಹೆಸರು. ಹುಡುಗರು ಗೊಣಗಿದರು. ಪೇಂಟರುಗಳು ಕೂಡ ಕೆಲಸ ಮುಗಿದ ಕೂಡಲೇ ಫೋನ್ ನಂಬರ್ ಬರೆದು ಹೋಗುತ್ತಾರಲ್ಲ ಟೀಚರ್ ಎಂದು ಒಬ್ಬ ಕೇಳಿದ. ಅವರು ಹೋಗ್ತಾರೆ, ನೀನು ಇಲ್ಲೇ ಇರ್ತಿಯಲ್ಲ ಅಂದರು ಟೀಚರ್.

ಬಟ್ಟೆಗಳು ಬಂದವು. ರಿಕ್ಷಾ ಓಡಿಸುವವರ ಖಾಕಿ, ಮಗುವಿನ ಸ್ವೆಟರ್, ಒಂದು ಫ್ರಾಕು, ಹೋಟೆಲಿನಲ್ಲಿ ದೋಸೆ ಹುಯ್ಯುವವರ ಮಸಿ ಹಿಡಿದ ಏಪ್ರನ್ನು, ಒಂದು ಮದುವೆಯ ಸೀರೆ. ಅಂಕಿತಾಳ ಪಾಲಿಗೆ ಬಂದದ್ದು ಶರಣವ್ವನ ಮನೆ. ಶರಣವ್ವ ವಿಜಯಪುರದ ಕಡೆಯವಳು, ನಮ್ಮ ಕಾಲೊನಿಯಲ್ಲಿ ಮೂರು ಮನೆಯ ಅಡುಗೆ ಮಾಡುತ್ತಿದ್ದಳು. ಗಂಡ ತೀರಿಹೋಗಿ ಬಹಳ ಕಾಲವಾಗಿರಲಿಲ್ಲ. ಮಗ ಟೆಂಪೊ ಓಡಿಸುತ್ತಿದ್ದ. ಮೊದಲ ದಿನ ಅವಳು ಅಂಕಿತಾಳಿಗೆ ಬಾಗಿಲಿಂದಲೇ ಒಂದು ಟವೆಲ್ ಕೊಟ್ಟು ಕಳಿಸಿದಳು. ಎರಡನೇ ಸಲ ಒಳಗೆ ಕೂರಿಸಿ ಚಹಾ ಕೊಟ್ಟಳು. ಮೂರನೇ ಸಲ ಟ್ರಂಕಿನಿಂದ ಗಂಡನ ಬಿಳಿ ಅಂಗಿ ತೆಗೆದುಕೊಟ್ಟಳು. ಜಾಡಿಸಬ್ಯಾಡ ತಂಗಿ, ಹಂಗೇ ಮಡಿಚಿ ಇಟ್ಕೋ ಎಂದಳಂತೆ.

ಹಗ್ಗವನ್ನು ಹೊಡೆದದ್ದು ಗಾರೆಯವರ ದಾರದಿಂದ. ದಾರಕ್ಕೆ ನೀಲಿ ಪುಡಿ ಹಚ್ಚಿ, ಇಬ್ಬರು ಎರಡು ತುದಿಯಲ್ಲಿ ಬಿಗಿಯಾಗಿ ಹಿಡಿದು, ಮೂರನೆಯವರು ನಡುವೆ ಎಳೆದು ಬಿಟ್ಟರೆ ಗೋಡೆಯ ಮೇಲೆ ನೆಟ್ಟಗೆ ಒಂದು ಗೆರೆ ಬೀಳುತ್ತದೆ. ಗಲ್ಲಿಯವರೆಲ್ಲ ನಕ್ಕರು. ಇಷ್ಟು ಬಟ್ಟೆ ಹಾಕಿದ ಮೇಲೆ ಯಾರ ಮನೆಯ ಹಗ್ಗ ಹೀಗೆ ನೆಟ್ಟಗಿರುತ್ತದೆ ಎಂದು ಶರಣವ್ವನೇ ಕೇಳಿದಳು. “ನಿಮ್ಮ ಹಗ್ಗ ಜೋಲಲಿ, ಇದು ನಮ್ಮದು” ಅಂದಳು ಅಂಕಿತಾ.

ಗೋಡೆಯಲ್ಲಿ ಅಲ್ಲಲ್ಲಿ ಪೈಪಿನ ತುಂಡುಗಳು ಹೊರಗೆ ಬಾಯಿ ತೆರೆದುಕೊಂಡಿದ್ದವು. ಬೇಸಿಗೆಯಲ್ಲಿ ಅವುಗಳಿಂದ ನೀರೇನೂ ಬರುತ್ತಿರಲಿಲ್ಲ. ಆದರೆ ಮೇಲಿನ ಮನೆಯವರು ಪಾತ್ರೆ ತೊಳೆದ ನೀರು ಎಲ್ಲಿಂದಲೋ ಇಳಿದು, ತುಕ್ಕಿನ ಬಣ್ಣದಲ್ಲಿ ಆಗೀಗ ತೊಟ್ಟಿಕ್ಕುತ್ತಿತ್ತು. ಅಂಕಿತಾ ಬರೆದ ಬಿಳಿ ಅಂಗಿಯ ಎದೆಯ ಮೇಲೆ ಹಳದಿ ಗೆರೆಗಳು ಇಳಿದವು. ಎರಡು ಸಲ ಬಿಳಿ ಬಳಿದಳು, ಎರಡು ಸಲವೂ ಇಳಿದವು. ಮೂರನೇ ದಿನ ಅವಳು ಪ್ಲಾಸ್ಟಿಕ್ ಚೀಲ, ಹಳೆ ಚಿಂದಿ ತಂದು ಪೈಪಿನೊಳಗೆ ತುರುಕಿ, ಮೇಲೆ ದಪ್ಪಗೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ನಾಲ್ಕು ಚುಕ್ಕೆಯಿಟ್ಟು ಅದನ್ನೇ ಅಂಗಿಯ ಗುಂಡಿ ಮಾಡಿದಳು. ಒಂದರ ಕೆಳಗೊಂದು ಇದ್ದ ಪೈಪುಗಳೆಲ್ಲ ಸಾಲಾಗಿ ಗುಂಡಿಗಳಾದವು. ಗೋಡೆಯಿಂದ ಸ್ವಲ್ಪ ಮುಂದೆ ಬಂದ, ಕೈಯಿಂದ ಮುಟ್ಟಬಹುದಾದ ಗುಂಡಿಗಳು. ಅದನ್ನು ನೋಡಿ ಉಳಿದವರೂ ತಂತಮ್ಮ ಪೈಪುಗಳನ್ನು ಮುಚ್ಚಿ ಫ್ರಾಕಿನ ಹೂವು, ಖಾಕಿಯ ಬಿಲ್ಲೆ, ಸ್ವೆಟರಿನ ಉಣ್ಣೆಯ ಉಂಡೆ ಮಾಡಿದರು. ಇಡೀ ಚಿತ್ರದಲ್ಲಿ ಎಲ್ಲರೂ ಹೊಗಳಿದ್ದು ಅದನ್ನೇ. ಟೀಚರ್ ಮೆಚ್ಚಿದರು, ಗಲ್ಲಿಯವರು ಮೆಚ್ಚಿದರು, ಕಾರ್ಯದರ್ಶಿಗಳು ಮಹನೀಯರು ಇಲ್ಲದ್ದನ್ನು ಮರೆತು ಗುಂಡಿಯನ್ನು ಮುಟ್ಟಿ ಫೋಟೊ ತೆಗೆಸಿಕೊಂಡರು.

ಜೂನ್ ಕಳೆಯಿತು. ಮಳೆ ಜುಲೈಯಲ್ಲಿ ಹಿಡಿದುಕೊಂಡಿತು. ಮಕ್ಕಳು ಒಂಬತ್ತನೆಯ ತರಗತಿಗೆ ಬಂದಿದ್ದರು. ಉಳಿದವರು ದಿನಕ್ಕೊಮ್ಮೆ ನೋಡುವುದನ್ನು ಮರೆತರೂ ಅಂಕಿತಾ ಮರೆಯಲಿಲ್ಲ. ಹೆಸರು ಬರೆಯುವ ಆಸೆ ಅವಳಿಗೆ ಅಷ್ಟಿತ್ತು. ಪ್ರಾರ್ಥನೆ ಮುಗಿದ ಕೂಡಲೇ ಎರಡನೇ ಮಹಡಿಯ ವರಾಂಡಕ್ಕೆ ಬಂದು, ತಗಡಿನ ಮಾಡುಗಳ ಮೇಲಿಂದ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ಕಣ್ಣಲ್ಲಿ ಗುಡಿಸಿ ಹೋಗುತ್ತಿದ್ದಳು. ಆ ಶನಿವಾರ ಕೂಡ ಹಾಗೆಯೇ ಬಂದಿದ್ದಳು. ಶನಿವಾರಗಳಂದು ಟೀಚರಿಗೆ ನೆರವಾಗಲು ಹೋಗುತ್ತಿದ್ದ ನಾನೂ ಅಲ್ಲಿದ್ದೆ.

ನಾನು ಅವಳ ಪಕ್ಕ ಹೋಗಿ ನಿಂತು ನೋಡಿದೆ. ಹಗ್ಗ ಎರಡೂ ತುದಿಯಲ್ಲಿ ಇದ್ದಂತೆಯೇ ಇತ್ತು. ನಡುವೆ, ಬಿಳಿ ಅಂಗಿಯ ಮೇಲೆ, ಮೆಲ್ಲಗೆ ಕೆಳಗೆ ಬಾಗಿತ್ತು. ಮನೆಯ ಹಗ್ಗ ಹೇಗಿರುತ್ತದೋ ಹಾಗೆ. ವಾರಿಜಾ ಟೀಚರನ್ನು ಕರೆದೆವು. ಅವರು ಒಂದು ಕಣ್ಣು ಮುಚ್ಚಿ, ಕೈಯಲ್ಲಿದ್ದ ಫುಟ್‌ಪಟ್ಟಿಯನ್ನು ಹಗ್ಗಕ್ಕೆ ಸಮನಾಗಿ ಹಿಡಿದು ನೋಡಿದರು. ಪಟ್ಟಿ ಕೆಳಗಿಳಿಸಿದಾಗ ಅವರ ಮುಖ ಬೇರೆಯಾಗಿತ್ತು. ಗೆರೆ ಬಾಗಿಲ್ಲ, ಗೋಡೆ ಬಾಗಿದೆ ಅಂದರು. ಗೋಡೆಯ ನಡುಭಾಗ ನಮ್ಮ ಕಡೆಗೆ ಮುಂದೆ ಬಂದಿತ್ತು. ಮೇಲಿನಿಂದ ನೋಡುವವರಿಗೆ ಅದು ಜೋತುಬಿದ್ದಂತೆ ಕಾಣುತ್ತಿತ್ತು. ಕೆಳಗೆ ಗಲ್ಲಿಯಲ್ಲಿ ಇರುವವರಿಗೆ ಏನೂ ಕಾಣುವಂತಿರಲಿಲ್ಲ. ಅವರಿಗೆ ಗೋಡೆ ತೀರ ಹತ್ತಿರ.

ಟೀಚರ್ ಫೋನ್ ಮಾಡತೊಡಗಿದರು. ಅಗ್ನಿಶಾಮಕದವರು ಬರುತ್ತೇವೆ, ರಸ್ತೆಯಲ್ಲಿ ನೀರು ನಿಂತಿದೆ, ತಡವಾಗಬಹುದು, ಅಲ್ಲಿಯವರೆಗೆ ಮನೆಗಳನ್ನು ಖಾಲಿ ಮಾಡಿಸಿ, ಗೋಡೆಯನ್ನು ಮುಟ್ಟಬೇಡಿ ಅಂದರು. ಮಕ್ಕಳನ್ನು ಗೇಟಿನ ಒಳಗೆ ನಿಲ್ಲಿಸಿ ನಾವಿಬ್ಬರು ಗಲ್ಲಿಗೆ ಹೋದೆವು. ಟೀಚರ್ ಆ ನೀಲಿ ದಾರವನ್ನು ತಂದಿದ್ದರು. ಅವರು ಒಂದು ತುದಿ ಹಿಡಿದರು, ನಾನು ಇನ್ನೊಂದು. ನಡುವೆ ಗೋಡೆಗೆ ತಾಗುವಂತೆ ಬಿಗಿಯಾಗಿ ಎಳೆದಾಗ ನನ್ನ ತುದಿಯಲ್ಲಿ ದಾರಕ್ಕೂ ಗೋಡೆಗೂ ನಡುವೆ ನನ್ನ ಇಡೀ ಅಂಗೈ ತೂರಿತು. ಬೇಸಿಗೆಯಲ್ಲಿ ಅದೇ ದಾರ ಉದ್ದಕ್ಕೂ ಗೋಡೆಗೆ ಅಂಟಿಕೊಂಡಿತ್ತು.

ಜನ ಬಾಗಿಲಿಗೆ ಬಂದು ನೋಡಿದರು. ನಂಬಲಿಲ್ಲ. ಅವರನ್ನು ದೂರುವಂತಿಲ್ಲ. ಪ್ರತಿ ಮಳೆಗಾಲದಲ್ಲೂ ಯಾರಾದರೊಬ್ಬರು ಬಂದು ಖಾಲಿ ಮಾಡಿ ಎನ್ನುತ್ತಿದ್ದರು. ಒಮ್ಮೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂಬ ಹೆದರಿಕೆ ಗೋಡೆಯ ಹೆದರಿಕೆಗಿಂತ ಹಳೆಯದು. ಗೋಡೆ ತಮ್ಮ ಅಪ್ಪನ ಕಾಲದ್ದು, ದಾರ ತೋರಿಸಿ ಹೆದರಿಸಬೇಡಿ ಎಂದು ರಿಕ್ಷಾ ಓಡಿಸುವ ಖಾಕಿಯವರು ಅಂದರು. ಶರಣವ್ವ ಒಳಗಿನಿಂದಲೇ ನಗುತ್ತಾ, “ಪ್ರತಿ ವರ್ಷ ಈ ಗ್ವಾಡಿ ನೀರು ಕಾರಿ ಕಾರಿ ನನ್ನ ಹೊಸ್ತಲಾ ದಾಟಿ ಒಳಗ ಬರ್ತಿತ್ರೀ ಟೀಚರ್. ಈ ವರ್ಷ ನಿಮ್ಮ ಹುಡುಗ್ರು ಕಾಲಿಟ್ಟ ಪುಣ್ಯ, ಹೊಸ್ತಲಾ ಒಣಗೇ ಐತಿ ನೋಡ್ರಿ. ಗ್ವಾಡಿಗೇನಾಗೇತಿ?” ಅಂದಳು.

ನಾನು ಹಿಂದೆ ತಿರುಗಿದೆ. ಅಂಕಿತಾ ಗೇಟಿನೊಳಗೆ ನಿಂತಿರಲಿಲ್ಲ. ನಮ್ಮ ಹಿಂದೆಯೇ ಬಂದಿದ್ದಳು. ಶರಣವ್ವನ ಹೊಸ್ತಿಲನ್ನು ನೋಡುತ್ತಿದ್ದಳು. ಸುತ್ತ ಅಷ್ಟು ಮಳೆ, ಗಲ್ಲಿಯಲ್ಲಿ ಪಾದ ಮುಳುಗುವಷ್ಟು ನೀರು. ತಗಡಿನ ಸೂರಿನ ಕೆಳಗೆ ಆ ಹೊಸ್ತಿಲ ಕಲ್ಲು ಒಣಗಿತ್ತು, ಅದರ ಮೇಲೆ ಹಾಕಿದ ರಂಗೋಲಿ ಅಳಿಸಿರಲಿಲ್ಲ. ಅವಳು ಅಲ್ಲಿಂದ ತಲೆಯೆತ್ತಿ ಅಂಗಿಯ ಗುಂಡಿಗಳನ್ನು ನೋಡಿದಳು. ಅವಳಿಗೆ ತಿಳಿದದ್ದು ನನಗೆ ತಿಳಿಯಲು ಇನ್ನೂ ಒಂದು ಉಸಿರು ಬೇಕಾಯಿತು. ಗೋಡೆಯಿಂದ ಹೊರಗೆ ಬರಬೇಕಾದ ನೀರು ಬಂದಿರಲಿಲ್ಲ. ಒಳಗೇ ಇತ್ತು.

ಹೇಳದಿದ್ದರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಇದು ನನಗೆ ಖಂಡಿತ. ಅವಳಿಗೆ ಇದೂ ಗೊತ್ತಿತ್ತು: ಒಮ್ಮೆ ಹೇಳಿದರೆ ಇನ್ನು ಆ ಗಲ್ಲಿಯಲ್ಲಿ ಅವಳು ಚಿತ್ರ ಬರೆದ ಹುಡುಗಿಯಲ್ಲ. ಅವಳು ಶರಣವ್ವನ ಬಾಗಿಲಿಗೆ ಹೋಗಿ ನಿಂತಳು. ಅವಳ ಕನ್ನಡ ಯಾವಾಗಲೂ ತಡವರಿಸುತ್ತದೆ. ಅವತ್ತು ಇನ್ನೂ ತಡವರಿಸಿತು.

“ಅಮ್ಮಾ, ಆ ಗುಂಡಿ ಇದೆಯಲ್ಲ, ಅದು ಪೈಪ್. ನೀರು ಹೋಗೋ ಪೈಪ್. ನಾನು ಬಂದ್ ಮಾಡಿದ್ದೆ. ಬಣ್ಣ ಹಾಳಾಗ್ತಿತ್ತು ಅಂತ. ಆಮೇಲೆ ಎಲ್ಲರೂ ಬಂದ್ ಮಾಡಿದ್ರು. ನಿಮ್ಮ ಬಾಗಿಲಿಗೆ ನೀರು ಬರ್ತಿಲ್ಲ ಅಂದ್ರೆ... ಮತ್ಲಬ್, ಅದು ಅಲ್ಲೇ ಹಿಂದೆ ನಿಂತಿದೆ. ಪ್ಲೀಸ್, ನೀವು ಹೊರಗೆ ಬನ್ನಿ.”

ಶರಣವ್ವ ಹೊಸ್ತಿಲನ್ನು ನೋಡಿದಳು, ಅಂಗಿಯನ್ನು ನೋಡಿದಳು, ಆಮೇಲೆ ಹುಡುಗಿಯನ್ನು ನೋಡಿದಳು. ಆ ನೋಟವನ್ನು ನಾನು ವಿವರಿಸಲಾರೆ. ದಾರ ಮಾಡದ ಕೆಲಸವನ್ನು ಆ ಮಾತು ಮಾಡಿತು. ಪೈಪುಗಳು ಎಲ್ಲರಿಗೂ ಗೊತ್ತಿದ್ದವು. ಅವು ಉಕ್ಕುವುದನ್ನು ಕಂಡು ಬೆಳೆದವರು ಅವರು. ಖಾಕಿಯವರು ಮೊದಲು ತಮ್ಮ ಮಗುವನ್ನು ಎತ್ತಿಕೊಂಡು ಹೊರಟರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಅಂಕಿತಾ ಓಡಿಹೋಗಿ ಪುಟ್ಟಿ ಕೆರೆದು ತೆಗೆಯುತ್ತೇನೆಂದು ಹೊರಟಳು. ಟೀಚರ್ ಅವಳ ಜಡೆಯನ್ನೇ ಹಿಡಿದೆಳೆದರು. “ಮುಟ್ಟಬೇಡ. ಈಗ ಅದು ನಿನ್ನ ಚಿತ್ರ ಅಲ್ಲ.”

ನಾನು ಗಲ್ಲಿಯ ಬಾಯಲ್ಲಿ ನಿಂತು ತಲೆ ಎಣಿಸುತ್ತಿದ್ದೆ. ಎಲ್ಲರೂ ಶಾಲೆಯ ಗೇಟು ದಾಟಿದರು ಅನ್ನುವಾಗ ಶರಣವ್ವ ನಿಂತಳು. ಕುಕ್ಕರ್ ಇಟ್ಟೀನಿ, ಗ್ಯಾಸ್ ಹತ್ತೇ ಐತಿ ಅಂದಳು. ನಾವು ಏನಾದರೂ ಹೇಳುವ ಮೊದಲೇ ಹಿಂದಕ್ಕೆ ಹೊರಟಿದ್ದಳು, ಓಡಲಿಲ್ಲ, ತನ್ನ ಮನೆಗೆ ಹೋಗುವವರು ಹೇಗೆ ಹೋಗುತ್ತಾರೋ ಹಾಗೆ ನಡೆದಳು. ಅಂಕಿತಾ ಟೀಚರ ಕೈಯಿಂದ ಬಿಡಿಸಿಕೊಂಡು ಅವಳ ಹಿಂದೆ ಓಡಿದಳು.

ಈಗಲೂ ನಾನು ಮತ್ತೆ ಮತ್ತೆ ನೋಡುವುದು ಅದನ್ನೇ. ಗಲ್ಲಿ ಖಾಲಿ. ಬಲಗಡೆ ಬಾಗಿಲುಗಳೆಲ್ಲ ತೆರೆದಿವೆ. ಎಡಗಡೆ ಬಣ್ಣಬಣ್ಣದ ಬಟ್ಟೆಗಳು. ಹತ್ತಿರದಿಂದ ನೋಡಿದರೆ ಗೋಡೆ ಅಲುಗುತ್ತಿಲ್ಲ. ಖಾಕಿಯ ಬಿಲ್ಲೆಯ ಪಕ್ಕದಲ್ಲಿ ಹೊಸದಾಗಿ ಒಂದು ಕೂದಲೆಳೆಯ ಬಿರುಕು, ಅದರಿಂದ ಕೆಂಪು ನೀರು ಜಿನುಗುತ್ತಿದೆ. ಶರಣವ್ವನ ಮನೆಯೊಳಗಿನಿಂದ ಕುಕ್ಕರ್ ಒಂದು ಸೀಟಿ ಹೊಡೆಯಿತು. ಉದ್ದನೆಯ ಸೀಟಿ. ನಾನು ಗಲ್ಲಿಯ ಬಾಯಲ್ಲೇ ನಿಂತಿದ್ದೆ. ಟೀಚರ್ ಅಂಕಿತಾಳ ಹೆಸರು ಹಿಡಿದು ಕೂಗುತ್ತಿದ್ದುದು ಕೇಳುತ್ತಿತ್ತು, ಆದರೆ ಬಹಳ ದೂರದಿಂದ ಬಂದಂತೆ. ಆಮೇಲೆ ಅವರಿಬ್ಬರೂ ಹೊರಗೆ ಬಂದರು. ಶರಣವ್ವ ಸೆರಗಿನಲ್ಲಿ ಕುಕ್ಕರನ್ನು ಹಿಡಿದುಕೊಂಡಿದ್ದಳು, ಅಂಕಿತಾ ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಗೇಟಿನ ಒಳಗೆ ಬಂದ ಮೇಲೂ ಹುಡುಗಿ ಕೈ ಬಿಡಲಿಲ್ಲ.

ಗೋಡೆ ಬಿದ್ದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಲಾರಿಯಿಂದ ಜಲ್ಲಿ ಸುರಿದ ಹಾಗೆ, ಅಷ್ಟೆ. ಮೊದಲು ಬಿಳಿ ಅಂಗಿ ಸೊಂಟದಿಂದ ಮುಂದಕ್ಕೆ ಬಗ್ಗಿತು, ನೆಲದ ಮೇಲೆ ಬಿದ್ದದ್ದನ್ನು ಹೆಕ್ಕುವವರ ಹಾಗೆ. ಆಮೇಲೆ ಹಗ್ಗ ತುಂಡಾಯಿತು, ಆಮೇಲೆ ಮಣ್ಣು. ಶರಣವ್ವನ ಮನೆಯೂ ಪಕ್ಕದ ಮನೆಯೂ ಅದರೊಳಗೆ ಹೋದವು. ಉಳಿದವು ಉಳಿದವು. ಯಾರಿಗೂ ಒಂದು ಗೀರು ಗಾಯವಾಗಲಿಲ್ಲ. ಅಗ್ನಿಶಾಮಕದವರು ಬಂದು ಮತ್ತೆ ಮತ್ತೆ ಎಣಿಸಿದರು, ನಾನೂ ಎಣಿಸಿದೆ.

ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಎಲ್ಲರೂ ಕುಳಿತಿದ್ದಾಗ ಶರಣವ್ವ ಕುಕ್ಕರಿನ ಮುಚ್ಚಳ ತೆಗೆದಳು. ಅನ್ನ ಸರಿಯಾಗಿ ಬೆಂದಿತ್ತು. ಒಬ್ಬೊಬ್ಬರ ಅಂಗೈಗೂ ಒಂದೊಂದು ತುತ್ತು ಹಾಕುತ್ತಾ ಬಂದಳು. ನನಗೆ ಹಾಕಿದಳು, ಟೀಚರಿಗೆ ಹಾಕಿದಳು. ಅಂಕಿತಾಳ ಎದುರಿಗೆ ಬಂದಾಗ ಅವಳನ್ನು ದಾಟಿ ಮುಂದೆ ಹೋದಳು.

ಆ ವಾರ ಕಾರ್ಯದರ್ಶಿಗಳು ಬಂದರು. ಕೆಟ್ಟ ಮನುಷ್ಯರಲ್ಲ. ಗಲ್ಲಿಯವರಿಗೆ ಇರಲು ಶಾಲೆಯ ಹಾಲ್ ಬಿಟ್ಟುಕೊಟ್ಟು, ದಿನವೂ ಊಟ ತರಿಸಿದವರು ಅವರೇ. ಅವರು ಟೀಚರನ್ನು ಕರೆದು ಮೆತ್ತಗೆ ಹೇಳಿದರು: ಗೋಡೆ ಹಳೆಯದು, ಎಂಜಿನಿಯರರೇ ಅಡಿಪಾಯದ ಮಣ್ಣು ಸಡಿಲವಾಗಿತ್ತು ಅನ್ನುತ್ತಿದ್ದಾರೆ, ನಾಳೆ ಅಧಿಕಾರಿಗಳು ಕೇಳಲು ಬಂದಾಗ ಪೈಪಿನ ವಿಷಯ ಎತ್ತುವ ಅಗತ್ಯವಿಲ್ಲ, ಹುಡುಗಿಯ ಭವಿಷ್ಯವೂ ಇದೆ. ಟೀಚರ್ ಇದನ್ನು ಮುಚ್ಚಿಡದೆ ಅಂಕಿತಾಳ ಎದುರಿಗೇ ಹೇಳಿ, ಪುಟ್ಟಿಗೆ ಹೂಂ ಅಂದವಳು ನಾನು, ಅಷ್ಟನ್ನು ನಾನು ಹೇಳುತ್ತೇನೆ, ನಿನ್ನದು ನಿನಗೆ ಬಿಟ್ಟದ್ದು ಅಂದರು. ಅಂಕಿತಾಳ ಅಪ್ಪ ಕೂಡ ಬೇಡವೆಂದರು. ಮರುದಿನ ಅಧಿಕಾರಿಗಳು ಬಂದಾಗ ಅವಳು ಪೈಪು ಎಲ್ಲೆಲ್ಲಿತ್ತು, ಯಾವುದರಲ್ಲಿ ಏನು ತುರುಕಿದ್ದು ಎಂದು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದಳು. ಅವರಲ್ಲೊಬ್ಬರು ಅದರ ಫೋಟೊ ತೆಗೆದುಕೊಂಡು, ಒಂದು ಗೋಡೆ ಒಂದೇ ಕಾರಣಕ್ಕೆ ಬೀಳುವುದಿಲ್ಲ ಮಗಳೇ ಎಂದು ಮರಾಠಿಯಲ್ಲಿ ಹೇಳಿ ಹೋದರು. ಅದು ಅವಳಿಗೆ ಸಮಾಧಾನವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಆ ಮಳೆಗಾಲ ಪೂರ್ತಿ ಡ್ರಾಯಿಂಗ್ ತರಗತಿಯಲ್ಲಿ ಬಣ್ಣದ ಡಬ್ಬಿ ತೆರೆಯಲಿಲ್ಲ. “ಗೋಡೆಯ ಮುಂದೆ ಎಂತ ಉಂಟು ಅಂತ ಮನೆಮನೆಗೆ ಹೋಗಿ ಕೇಳಿದ್ವಿ. ಹಿಂದೆ ಎಂತ ಉಂಟು ಅಂತ ನಾನೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ಈಗ ಅದನ್ನು ಬರೀರಿ” ಅಂದರು ಟೀಚರ್. ಮಳೆ ಬಿಟ್ಟ ದಿನಗಳಲ್ಲಿ ಮಕ್ಕಳು ಬೇರೆ ದಾರಿಯಿಂದ ಗುಡ್ಡ ಹತ್ತಿ ಮೇಲಿನ ಮನೆಗಳಿಗೆ ಹೋದರು. ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ, ಬಚ್ಚಲಿನದು ಎಲ್ಲಿಗೆ, ಮಳೆಯದು ಎಲ್ಲಿಗೆ ಎಂದು ಕೇಳಿ, ಪೆನ್ಸಿಲಿನಲ್ಲಿ ಬರೆದರು. ನಾನು ತಲೆ ಎಣಿಸುತ್ತಾ ಜೊತೆಗೆ ಹೋದೆ. ಅಷ್ಟು ಕಪ್ಪಾದ, ಅಷ್ಟು ಚಂದವಿಲ್ಲದ, ಅಷ್ಟು ಗಮನವಿಟ್ಟು ಬರೆದ ಚಿತ್ರಗಳನ್ನು ನಾನು ಮಕ್ಕಳ ಕೈಯಲ್ಲಿ ನೋಡಿರಲಿಲ್ಲ. ಅಂಕಿತಾ ಸಂಜೆ ಸಂಜೆ ಶಾಲೆಯ ಹಾಲ್‌ಗೆ ಹೋಗಿ ಗಲ್ಲಿಯ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದಳು. ಆಗ ಶರಣವ್ವ ಅಲ್ಲಿಯ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಯಾರೂ ಶರಣವ್ವನಿಗೆ ಕ್ಷಮಿಸು ಎನ್ನಲಿಲ್ಲ, ಹುಡುಗಿಗೆ ಹೋಗಬೇಡ ಎನ್ನಲೂ ಇಲ್ಲ.

ನನ್ನ ನಿದ್ದೆ ಕೆಟ್ಟಿತ್ತು. ಮಳೆಯ ಮೊದಲ ಹನಿ ಕಿಟಕಿಯ ತಗಡಿಗೆ ಬಿದ್ದ ಕೂಡಲೇ ಎಚ್ಚರವಾಗುತ್ತಿತ್ತು. ಎಚ್ಚರವಾದ ಮೇಲೆ ಆ ಗಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಆದರೆ ಅವರು ಹೊರಗೆ ಬರುತ್ತಿರಲಿಲ್ಲ. ಹಗಲು ನಾನು ಅಡುಗೆಗೆ ಕುಕ್ಕರ್ ಇಡುವುದನ್ನು ಬಿಟ್ಟು ಅನ್ನವನ್ನು ಪಾತ್ರೆಯಲ್ಲಿ ಬಸಿಯತೊಡಗಿದೆ. ರಘು ಏನೂ ಕೇಳದೆ ಉಂಡ. ಡಾಕ್ಟರಿಗೆ ತೋರಿಸೋಣ ಅಂದ, ತೋರಿಸಿದೆವು. ಮಳೆಗಾಲ ಮುಗಿದರೂ ಅಭ್ಯಾಸ ಹೋಗಲಿಲ್ಲ.

ಬೇಸಿಗೆಯ ಹೊತ್ತಿಗೆ ಹೊಸ ಗೋಡೆ ಎದ್ದಿತು. ಹಳೆಯದಕ್ಕಿಂತ ದಪ್ಪ, ಪೈಪುಗಳೂ ದಪ್ಪ. ಶರಣವ್ವನ ಮನೆಯೂ ಮತ್ತೆ ನಿಂತಿತು. ಗೋಡೆ ಬೋಳಾಗಿ ಸಿಮೆಂಟಿನ ಬಣ್ಣದಲ್ಲೇ ಇತ್ತು. ಯಾರೂ ಚಿತ್ರದ ಮಾತೆತ್ತಲಿಲ್ಲ. ಒಂದು ದಿನ ಟೀಚರ್, ಅಂಕಿತಾ, ನಾನು ಗಲ್ಲಿಯಲ್ಲಿ ಹೋಗುತ್ತಿದ್ದಾಗ ಶರಣವ್ವ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕುಳಿತಿದ್ದಳು. ತಲೆಯೆತ್ತದೆ, “ಏ ತಂಗಿ, ಈ ಗ್ವಾಡಿ ಹಿಂಗ ಬತ್ತಲ ನಿಲ್ಲಿಸ್ತೀರೇನು?” ಅಂದಳು.

ಅಂಕಿತಾ ಅಲ್ಲೇ ನಿಂತುಬಿಟ್ಟಳು. ಏನು ಬರೆಯಲಿ ಎಂದು ಕೇಳಿದಳು. ಕೇಳಿದ್ದು ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿ.

“ಅದ ಅಂಗಿ ಬರಿ. ನಿಜವಾದ್ದು ಟ್ರಂಕ್ ಜೋಡಿ ಮಣ್ಣಾಗ ಹೋತು. ನಿನಗ ನೆನಪೈತಲ್ಲ ಹೆಂಗಿತ್ತು ಅಂತ.” ಒಂದು ಕಲ್ಲು ಹೆಕ್ಕಿ ಗಲ್ಲಿಗೆ ಎಸೆದಳು. “ಆದ್ರ ಗುಂಡಿ ಹಾಕಬ್ಯಾಡ. ನಮ್ಮ ಮನಿಯವರು ಹಂಗೂ ಗುಂಡಿ ಹಾಕ್ತಿರ್ಲಿಲ್ಲ. ಎದಿ ಬಿಟ್ಟಕೊಂಡ ಅಡ್ಡಾಡ್ತಿದ್ರು, ಗಾಳಿ ಬೇಕು ಅಂತ. ಆವಾಗ್ಲೇ ಹೇಳಬೇಕಂತಿದ್ದೆ, ನೀ ಅಷ್ಟು ಚಂದ ಮಾಡಿದ್ದಿ, ಸುಮ್ಮನಾದೆ.”

ಟೀಚರ್ ಮುಖ ತಿರುಗಿಸಿ ಕೊಡೆಯನ್ನು ಬಿಚ್ಚಿದರು. ಬಿಸಿಲು ಕೂಡ ಇರಲಿಲ್ಲ.

ಈ ಸಲ ಅಂಗಿ ಬಿಚ್ಚಿಕೊಂಡು ತೂಗಿತು. ಒಂದು ಪೈಪಿಗೂ ಬಣ್ಣ ತಾಗಲಿಲ್ಲ. ಫ್ರಾಕು, ಖಾಕಿ, ಸೀರೆ ಎಲ್ಲ ಪೈಪುಗಳಿಗೆ ಜಾಗ ಬಿಟ್ಟು ಸರಿದು ನಿಂತವು. ಹಗ್ಗವನ್ನು ಮತ್ತೆ ನೀಲಿ ದಾರದಿಂದಲೇ ಹೊಡೆದರು, ಮತ್ತೆ ನೆಟ್ಟಗೆ. ಅದು ಏಕೆ ನೆಟ್ಟಗಿರಬೇಕು ಎಂದು ಈಗ ಯಾರೂ ಕೇಳಲಿಲ್ಲ. ಗಲ್ಲಿಯ ಚಿಕ್ಕ ಮಕ್ಕಳು ಕೂಡ ವರಾಂಡಕ್ಕೆ ಹತ್ತಿ ಬಂದು ಒಂದು ಕಣ್ಣು ಮುಚ್ಚಿ ಫುಟ್‌ಪಟ್ಟಿ ಹಿಡಿದು ನೋಡುವುದನ್ನು ಕಲಿತರು. ಮೂಲೆಯಲ್ಲಿ ಹೆಸರಿಗೆಂದು ಒಂದು ಜಾಗವನ್ನು ಖಾಲಿ ಬಿಟ್ಟರು, ಮಳೆಗಾಲ ಮುಗಿಯುವವರೆಗೆ.

ಆ ವರ್ಷ ಮಳೆ ತಡವಾಗಿ ಬಂತು. ಬರುತ್ತದೆ ಬರುತ್ತದೆ ಎಂದು ನಾನು ರಾತ್ರಿಗಳನ್ನು ಕಾದೆ. ಬಂದದ್ದು ಒಂದು ಗುರುವಾರ. ಅದು ಬಂದದ್ದು ನನಗೆ ತಿಳಿದದ್ದು ಶುಕ್ರವಾರ ಬೆಳಿಗ್ಗೆ. ಕಣ್ಣು ಬಿಟ್ಟಾಗ ಕೋಣೆಯಲ್ಲಿ ಬೆಳಕಿತ್ತು. ಮುಚ್ಚಲು ಮರೆತ ಕಿಟಕಿಯಿಂದ ನೀರು ಒಳಗೆ ಬಂದು ನೆಲದ ಮೇಲೆ ನಿಂತಿತ್ತು, ನನ್ನ ಚಪ್ಪಲಿಗಳಲ್ಲೊಂದು ಮಂಚದ ಕೆಳಗೆ ಸರಿದುಹೋಗಿತ್ತು. ಫೋನಿನಲ್ಲಿ ಅಂಕಿತಾ ಕಳಿಸಿದ ಒಂದು ಫೋಟೊ. ಬಿಳಿ ಅಂಗಿಯ ತೆರೆದ ಎದೆಯಿಂದ ನೀರು ಧಾರಾಕಾರವಾಗಿ ಸುರಿಯುತ್ತಿದೆ. ಕೆಳಗೆ ಶರಣವ್ವ ಸೀರೆ ಎತ್ತಿ ಕಟ್ಟಿಕೊಂಡು, ಹೊಸ್ತಿಲ ಒಳಗೆ ಬಂದ ನೀರನ್ನು ಪೊರಕೆಯಿಂದ ಹೊರಗೆ ತಳ್ಳುತ್ತಿದ್ದಾಳೆ. ಬಾಯಿ ತೆರೆದಿದೆ, ಬೈಯುತ್ತಿರಬೇಕು. ಫೋಟೊದ ಕೆಳಗೆ ಅಂಕಿತಾ ಬರೆದಿದ್ದಳು: ಎಲ್ಲಾ ಪೈಪ್ ಚಾಲೂ.

ರಘು ಹಲ್ಲುಜ್ಜುತ್ತಾ ಬಂದು ನೆಲ ನೋಡಿ, ರಾತ್ರಿ ಬಹಳ ಜೋರಾಗಿ ಬಂತಾ ಎಂದು ಕೇಳಿದ.

ಗೊತ್ತಿಲ್ಲ, ನಾನು ಮಲಗಿದ್ದೆ ಅಂದೆ.